ನಮ್ಮ ಕಡೆ ವಾಲಿದ ಕಾಟಾ

ಚಿಕ್ಕೋಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸೈಕಲ್ ನಿಂತಿದೆ. ಅದರ ಹಿಂದಿನ ಗಾಲಿಯನ್ನು ಕಬ್ಬಿಣದ ಚೌಕಟ್ಟಿನೊಳಗೆ ನೆಲ ಮುಟ್ಟದಂತೆ ಎತ್ತಿ ಕಟ್ಟಿದ್ದೇನೆ. ಟೈರಿಗೆ ಒಂದು ಉರುಳೆ ಒತ್ತಿಕೊಂಡಿದೆ, ಉರುಳೆಯ ಪಕ್ಕದಲ್ಲಿ ಒಂದು ಕರಿ ಡಬ್ಬಿ, ಡಬ್ಬಿಯಿಂದ ಗೋಡೆಯ ಪ್ಲಗ್ಗಿಗೆ ಒಂದು ವಾಯರು. ಇದಕ್ಕೆ ಸ್ಮಾರ್ಟ್ ಟ್ರೇನರ್ ಎನ್ನುತ್ತಾರೆ. ಇದನ್ನು ಜೋಡಿಸಿದ ಮೊದಲ ದಿನ ನಮ್ಮ ಓಣಿಯ ಆಯಿ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ನಾನು ಬೆವರು ಸುರಿಸುತ್ತ ತುಳಿಯುತ್ತಿದ್ದೆ.

"ಎಲ್ಲಿಗಿ ಹೊಂಟೀಯೋ ತಮ್ಮಾ?" ಎಂದರು.

"ಎಲ್ಲೂ ಇಲ್ಲ ಆಯಿ, ಇದು ವ್ಯಾಯಾಮ."

"ಗಾಣದ ಎತ್ತಾದ್ರ ಎಣ್ಣಿ ತಗೀತಿತ್ತಪ್ಪಾ," ಎಂದು ಹೊರಟುಹೋದರು.

ಆ ಮಾತಿಗೆ ಉತ್ತರ ನನ್ನ ಬಳಿ ಇವತ್ತಿಗೂ ಪೂರ್ತಿಯಾಗಿಲ್ಲ. ಗಾಣದ ಎತ್ತು ಎಣ್ಣೆ ತೆಗೆಯುತ್ತಿತ್ತು. ಈ ಯಂತ್ರ ತೆಗೆಯುವುದು ಒಂದು ಅಂಕಿಯನ್ನು. ನೀವು ಈ ಕ್ಷಣ ಎಷ್ಟು ವಾಟ್ ಶಕ್ತಿ ಹಾಕುತ್ತಿದ್ದೀರಿ ಎಂಬ ಅಂಕಿ. ಆ ಅಂಕಿಯ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಅದು ತಪ್ಪು ಹೌದೋ ಅಲ್ಲವೋ ಎಂದು ವಾದ ಮಾಡುವವರು ಸಿಗುತ್ತಾರೆ. ನಾನೇ ನನ್ನೊಳಗೆ ಹಲವು ಸಲ ಮಾಡಿದ್ದೇನೆ.

ಊರಿನ ಸುತ್ತ ಇಷ್ಟು ರಸ್ತೆ ಬಿದ್ದಿರುವಾಗ ಮನೆಯೊಳಗೆ ಯಾಕೆ ತುಳಿಯಬೇಕು ಎಂದು ಕೇಳುವವರು ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ರಾಯಬಾಗ, ಕಾಗವಾಡ, ಅಥಣಿಯ ಕಡೆ ಬರಬೇಕು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರು, ಎರಡೂ ಬದಿಗೆ ಜೋತ ಕಬ್ಬು, ಹಿಂದೆ ಕೆಂಪು ದೀಪ ಇದ್ದರೆ ಪುಣ್ಯ. ಮಳೆಗಾಲದ ಕತೆ ಬೇರೆ. ಕಲ್ಲೋಳ–ಯಡೂರ ಸೇತುವೆ ಕೃಷ್ಣೆಯ ಕೆಳಗೆ ಹೋಗುತ್ತದೆ, ಮಲಿಕವಾಡ–ದತ್ತವಾಡ ಸೇತುವೆ ದೂಧಗಂಗೆಯ ಕೆಳಗೆ. 2019ರಲ್ಲಿ, ಮತ್ತೆ 2021ರಲ್ಲಿ, ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆ ಉಕ್ಕಿ ರಾಷ್ಟ್ರೀಯ ಹೆದ್ದಾರಿಯೇ ನಿಂತಿತ್ತು. 2020ರ ಲಾಕ್‌ಡೌನ್ ಹೊತ್ತಿನಲ್ಲಂತೂ ರಸ್ತೆ ಇದ್ದೂ ಇರಲಿಲ್ಲ. ಆಗ ಕೊಲ್ಹಾಪುರದ ಒಬ್ಬರಿಂದ ಈ ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡೆ.

ಕೊಂಡ ಮೇಲೆ ತಿಳಿದ ಮೊದಲ ಸಂಗತಿ, ಇದು ರಸ್ತೆಯಂತೆ ಇಲ್ಲ ಎಂಬುದು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಸಹಿಸಿಕೊಳ್ಳಿ. ಸವಾರ, ಸೈಕಲ್ ಸೇರಿ 70 ಕಿಲೋ ಇದ್ದು ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಅವರ ಚಲನೆಯಲ್ಲಿ 3500 ಜೂಲ್ ಶಕ್ತಿ ತುಂಬಿರುತ್ತದೆ. ಕಾಲು ಒಂದು ಗಳಿಗೆ ನಿಂತರೂ ಸೈಕಲ್ ಓಡುತ್ತಲೇ ಇರುವುದು ಇದರಿಂದ. ಅದೇ ಏರಿನಲ್ಲಿ 12 ಕಿಲೋಮೀಟರ್ ವೇಗಕ್ಕೆ ಇಳಿದರೆ ಆ ಗಂಟು ಒಂಬತ್ತನೇ ಒಂದು ಭಾಗವಾಗುತ್ತದೆ, ನಾಲ್ಕುನೂರು ಜೂಲೂ ಇಲ್ಲ. ಆಗ ಪ್ರತಿ ತುಳಿತವನ್ನೂ ಹೊಸದಾಗಿ ದುಡಿಯಬೇಕು. ಏರು ಏರಿನಂತೆ ಅನಿಸುವುದು ಬರೀ ಭಾರಕ್ಕಲ್ಲ, ಕೈಯಲ್ಲಿ ಉಳಿತಾಯವಿಲ್ಲದ್ದಕ್ಕೆ.

ಮನೆಯೊಳಗಿನ ಯಂತ್ರದಲ್ಲಿ ಸವಾರ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಈ ಗಂಟನ್ನು ಒಂದು ತಿರುಗುವ ಕಬ್ಬಿಣದ ಚಕ್ರದಲ್ಲಿ ಇಡುತ್ತಾರೆ. ಅದೇ ಫ್ಲೈವೀಲ್. ಹಿಂದಿನ ಗಾಲಿಯನ್ನೇ ಕಳಚಿ ಸರಪಳಿಯನ್ನು ನೇರವಾಗಿ ಯಂತ್ರಕ್ಕೆ ಹಾಕುವ ದುಬಾರಿ ಮಾದರಿಗಳಲ್ಲಿ ಅದು ದೊಡ್ಡದು. ನಮ್ಮಂಥ ಟೈರಿಗೆ ಒತ್ತುವ ಯಂತ್ರಗಳಲ್ಲಿ ಸಣ್ಣದು. ಕಾಲು ಸಡಿಲಿಸಿದರೆ ಬೇಗ ಸೊರಗುತ್ತದೆ. ದೊಡ್ಡ ಗೇರಿನಲ್ಲಿ ಚಕ್ರ ಜೋರಾಗಿ ತಿರುಗುವಾಗ ಬಯಲ ರಸ್ತೆಯ ಭಾಸ ಬರುತ್ತದೆ. ಸಣ್ಣ ಗೇರಿನಲ್ಲಿ ಅದೇ ವಾಟ್ ಹಾಕಿದರೂ ತವಂದಿ ಘಾಟ್ ಹತ್ತಿದಂತೆ ಕಾಲು ಜಗ್ಗುತ್ತದೆ. ಅಂಕಿ ಒಂದೇ, ಅನುಭವ ಎರಡು. ಇದನ್ನು ನಾನು ಕುತೂಹಲದಿಂದ ಗಮನಿಸಿ ಸುಮ್ಮನಾದೆ. ಅಂಕಿಯನ್ನೂ ಅನುಮಾನಿಸಬಹುದಲ್ಲ ಎಂದು ಆಗ ತೋಚಲಿಲ್ಲ.

ಚೇಷ್ಟೆಗಳು ಇನ್ನೂ ಇವೆ. ಇಷ್ಟೇ ವಾಟ್ ಹಾಕಿಸು ಎಂದು ಯಂತ್ರಕ್ಕೆ ಹೇಳಿ ಬಿಡುವ ಒಂದು ವಿಧಾನ ಉಂಟು. ಆಗ ನೀವು ನಿಧಾನ ತುಳಿದರೆ ಅದು ಬಿಗಿ ಮಾಡುತ್ತದೆ, ಜೋರು ತುಳಿದರೆ ಸಡಿಲ ಬಿಡುತ್ತದೆ. ದಣಿದು ಕಾಲು ನಿಧಾನವಾಯಿತೋ, ಬಿಗಿ ಹೆಚ್ಚುತ್ತದೆ. ಬಿಗಿ ಹೆಚ್ಚಿದ್ದರಿಂದ ಕಾಲು ಇನ್ನೂ ನಿಧಾನ. ಕೊನೆಗೆ ಪೆಡಲ್ ಕಲ್ಲಾಗಿ ನಿಲ್ಲುತ್ತದೆ. ಬಡ್ಡಿ ಸಾಲ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಬೈಲಿಗೂ ಯಂತ್ರಕ್ಕೂ ಇರುವ ಬ್ಲೂಟೂತ್ ಸಂಬಂಧ ಓಡುವುದು ಮನೆಯ ವೈಫೈ ಬಳಸುವ ಕಂಪನಗಳ ಆಸುಪಾಸಿನಲ್ಲೇ. ಪಕ್ಕದ ಕೋಣೆಯಲ್ಲಿ ಯಾರೋ ಸಿನಿಮಾ ಹಚ್ಚಿದರೆ ಒಮ್ಮೊಮ್ಮೆ ಪರದೆಯ ಮೇಲಿನ ಸವಾರ ನಟ್ಟನಡು ರಸ್ತೆಯಲ್ಲಿ ನಿಂತುಬಿಡುತ್ತಾನೆ, ಇಲ್ಲಿ ನೀವು ತುಳಿಯುತ್ತಲೇ ಇರುತ್ತೀರಿ. ಕರೆಂಟು ಹೋದರೆ ಗುಡ್ಡವೇ ಮಾಯ. ಏರಿನ ನಡುವೆ ಕಾಲ ಕೆಳಗಿನ ಭಾರ ಒಮ್ಮೆಲೇ ಇಲ್ಲವಾಗಿ, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ಆಗುತ್ತದೆ.

ಇವೆಲ್ಲ ಎದುರಿಗೆ ಕಾಣುವ ದೋಷಗಳು. ಕಂಡದ್ದಕ್ಕೆ ಬೈಯಬಹುದು, ಸರಿ ಮಾಡಬಹುದು. ನನ್ನನ್ನು ಕೆಡಿಸಿದ್ದು ಕಾಣದ ದೋಷ. ನಿಜ ಹೇಳಬೇಕೆಂದರೆ, ಕಂಡೂ ಕಾಣದಂತೆ ಇದ್ದ ದೋಷ.

ನಮ್ಮ ಅಕ್ಕನನ್ನು ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಮಗ ಕಾಲೇಜಿಗಾಗಿ ನಮ್ಮ ಮನೆಯಲ್ಲಿರುತ್ತಾನೆ. ಹದಿನಾರು ವರ್ಷ, 58 ಕಿಲೋ, ಸೈಕಲ್ ಹುಚ್ಚು. ಈ ಹುಚ್ಚು ನಮ್ಮ ಭಾಗಕ್ಕೆ ಹೊಸದಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿ ಹುಡುಗರು, ಹುಡುಗಿಯರು ಎಷ್ಟೋ ವರ್ಷಗಳಿಂದ ರಾಷ್ಟ್ರಮಟ್ಟದ ಸೈಕ್ಲಿಂಗಿನಲ್ಲಿ ಪದಕ ತರುತ್ತಿದ್ದಾರೆ. ಒಕ್ಕಲುತನದ ಮನೆಗಳ ಮಕ್ಕಳಿಗೆ ಕ್ರೀಡಾ ವಸತಿ ನಿಲಯ ಎಂದರೆ ಊಟ, ಓದು, ತರಬೇತುದಾರ, ಒಳ್ಳೆಯ ಸೈಕಲ್, ಮುಂದೆ ರೈಲ್ವೆಯದೋ ಸೈನ್ಯದ್ದೋ ನೌಕರಿಯ ಆಸೆ. ನಮ್ಮ ಹುಡುಗನೂ ಅಂಥ ಒಂದು ಆಯ್ಕೆಗೆ ಹೋಗುವವನಿದ್ದ. ಹತ್ತು ಕಿಲೋಮೀಟರ್ ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವುದು. ಹಂಗಾಮು ಶುರುವಾಗಿತ್ತು. "ರಸ್ತಾದ ಮ್ಯಾಲ ಬ್ಯಾಡ, ಮನ್ಯಾಗ ತುಳಿ, ಲೆಕ್ಕಾನೂ ಸಿಗತೈತಿ" ಎಂದವನು ನಾನೇ.

ಯಂತ್ರ ಗೊರ್ರೆಂದು ಸದ್ದು ಮಾಡುತ್ತಿತ್ತು. ಪಕ್ಕದ ಮನೆಯವರು ಬಂದು ಹೇಳಿದ ಮೇಲೆ ಉರುಳೆಯನ್ನು ಟೈರಿಗೆ ಒತ್ತುವ ತಿರುಪನ್ನು ಅರ್ಧ ಸುತ್ತು ಸಡಿಲಿಸಿದೆ. ಸದ್ದು ತಗ್ಗಿತು. ಮರುದಿನ ಬೆಳಿಗ್ಗೆ ಹುಡುಗ ಕೂಗಿದ: "ಮಾಮಾ, ನಿನ್ನಿಕಿಂತ ಹೆಚ್ಚ ಬಂತ್ರಿ! ಎರಡ್ನೂರಾ ನಲವತ್ತು!" ಇಪ್ಪತ್ತು ನಿಮಿಷ 240 ವಾಟ್. 58 ಕಿಲೋದ ಹುಡುಗನಿಗೆ ಅದು ಕಿಲೋಗೆ ನಾಲ್ಕಕ್ಕೂ ಮೇಲೆ. ಮನೆಯಲ್ಲಿ ಅಂದು ಶಿರಾ ಆಯಿತು.

ಭೌತಶಾಸ್ತ್ರದ ಮೇಷ್ಟ್ರಿಗೆ ಆ ಹೊತ್ತಿಗೇ ಒಂದು ಅನುಮಾನ ಬರಬೇಕಿತ್ತು. ಬಂತು ಕೂಡ. ಇಂಥ ಯಂತ್ರಗಳು ಬಲವನ್ನು ನೇರವಾಗಿ ಅಳೆಯುವುದಿಲ್ಲ. ಗಾಲಿಯ ವೇಗ ನೋಡಿ, ಟೈರಿನ ತಿಕ್ಕಾಟ ಇಷ್ಟಿದ್ದೀತು ಎಂದು ಮೊದಲೇ ನೆನಪಿಟ್ಟ ಲೆಕ್ಕದಿಂದ ವಾಟ್ ಊಹಿಸುತ್ತವೆ. ತಿರುಪು ಸಡಿಲವಾದರೆ ನಿಜವಾದ ತಿಕ್ಕಾಟ ಕಡಿಮೆ. ಅದೇ ಕಾಲಿಗೆ ಗಾಲಿ ಹೆಚ್ಚು ಓಡುತ್ತದೆ. ಯಂತ್ರಕ್ಕೆ ಅದು ಗೊತ್ತಿಲ್ಲ, ಹಳೆಯ ಲೆಕ್ಕದಲ್ಲೇ ಹೆಚ್ಚು ವಾಟ್ ಬರೆಯುತ್ತದೆ. ಉರುಳೆ ಬಿಸಿಯಾದರೂ ಹೀಗೇ ಅಂಕಿ ಮೆಲ್ಲಗೆ ಮೇಲೇರುತ್ತದೆ. ಇದಕ್ಕೆ ಪರಿಹಾರವೂ ಇದೆ. ಹತ್ತು ನಿಮಿಷ ತುಳಿದು ಎಲ್ಲ ಬಿಸಿ ಮಾಡಿ, ವೇಗವನ್ನು ಒಂದು ಮಟ್ಟಕ್ಕೆ ಏರಿಸಿ, ಕಾಲು ಬಿಟ್ಟುಬಿಡಬೇಕು. ಗಾಲಿ ತಾನಾಗಿ ನಿಲ್ಲಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ನೋಡಿ ಯಂತ್ರ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ತಿದ್ದುವುದಕ್ಕೆ ಎರಡು ನಿಮಿಷ ಬೇಡ.

ಆ ಎರಡು ನಿಮಿಷವನ್ನು ನಾನು ಐದು ವಾರ ಕೊಡಲಿಲ್ಲ. ಇವತ್ತು ಕಾಲೇಜಿಗೆ ಹೊತ್ತಾಯಿತು, ನಾಳೆ ಟೈರಿಗೆ ಗಾಳಿ ಹಾಕಿದ ಮೇಲೆ ಮಾಡಿದರಾಯಿತು ಎನ್ನುತ್ತ ದಿನ ದೂಡಿದೆ. ಹುಡುಗ ಒಮ್ಮೆ ಕೇಳಿದ್ದ: "ಮಾಮಾ, ಇದು ಖರೇ ಹೇಳತೈತಿ ಏನ್ರಿ?" "ಮಷಿನ್ ಯಾಕ ಸುಳ್ಳ ಹೇಳತೈತೋ?" ಎಂದು ನಕ್ಕಿದ್ದೆ.

240 ವಾಟಿಗೆ ಬಯಲಿನಲ್ಲಿ ಎಷ್ಟು ವೇಗ ಬಂದೀತು ಎಂದು ನಾನೇ ಲೆಕ್ಕ ಹಾಕಿಕೊಟ್ಟೆ. ಗಂಟೆಗೆ 36. "ಮೀಟರ್ ಮ್ಯಾಲ ಮೂವತ್ತಾರ ಹಿಡಿ, ಬಿಡಬ್ಯಾಡ" ಎಂದೆ. ಅವನು ಹಿಡಿದ. ಆರನೇ ಕಿಲೋಮೀಟರಿನ ತನಕ ಹಿಡಿದ. ಆಮೇಲೆ ಕಾಲು ಸತ್ತವು. 17 ನಿಮಿಷ 40 ಸೆಕೆಂಡಿಗೆ ಮುಟ್ಟಿದ. ಆಯ್ಕೆಯಾದ ಕೊನೆಯ ಹುಡುಗನದು 17 ನಿಮಿಷ 29 ಸೆಕೆಂಡ್.

ಮನೆಗೆ ಬಂದ ರಾತ್ರಿ ಯಂತ್ರವನ್ನು ತಿದ್ದಿದೆ. 240 ಎಂದದ್ದು 222 ಆಯಿತು. 222ಕ್ಕೆ ಬರುವ ವೇಗ 35. ಗಂಟೆಗೆ ಒಂದೇ ಒಂದು ಕಿಲೋಮೀಟರ್ ವ್ಯತ್ಯಾಸ. ಆದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಬೆಳೆಯುತ್ತದೆ, ಆ ಒಂದು ಕಿಲೋಮೀಟರನ್ನು ಅವನ ಕಾಲು ತುಂಬಿಕೊಡಲಾರವು. 35ರಲ್ಲಿ ಒಂದೇ ಸಮ ಹೋಗಿದ್ದರೆ ಹತ್ತು ಕಿಲೋಮೀಟರಿಗೆ 17 ನಿಮಿಷ 9 ಸೆಕೆಂಡ್. ಈ ಲೆಕ್ಕವನ್ನು ಆ ರಾತ್ರಿ ಎಷ್ಟು ಸಲ ಮಾಡಿದೆನೋ. ಬೇರೆ ಉತ್ತರ ಬರಲಿಲ್ಲ.

1877ರಲ್ಲಿ ವಿಲಿಯಂ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಹಡಗು ಹಳೆಯದು, ಅವನಿಗೆ ಅನುಮಾನವಿದೆ, ತಪಾಸಣೆಗೆ ಖರ್ಚಿದೆ. ಇಷ್ಟು ಸಲ ಹೋಗಿ ಬಂದ ಹಡಗು ಇದೊಂದು ಸಲ ಬಾರದೇ ಎಂದು ತನ್ನನ್ನು ತಾನೇ ಒಪ್ಪಿಸಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನ ನಂಬಿಕೆ ಪ್ರಾಮಾಣಿಕವಾಗಿತ್ತಲ್ಲ ಎಂದರೆ ಕ್ಲಿಫರ್ಡ್ ಒಪ್ಪುವುದಿಲ್ಲ. ಹಾಗೆ ನಂಬುವ ಹಕ್ಕೇ ಅವನಿಗಿರಲಿಲ್ಲ, ಏಕೆಂದರೆ ಅನುಮಾನವನ್ನು ಪರೀಕ್ಷಿಸುವ ಬದಲು ಉಸಿರುಗಟ್ಟಿಸಿ ಆ ನಂಬಿಕೆ ಪಡೆದಿದ್ದ. ಹಡಗು ದಡ ಮುಟ್ಟಿದ್ದರೂ ಅವನು ಅಷ್ಟೇ ತಪ್ಪಿತಸ್ಥ ಎನ್ನುತ್ತಾನೆ ಕ್ಲಿಫರ್ಡ್. ಈ ಕೊನೆಯ ಮಾತು ನನಗೆ ವಿದ್ಯಾರ್ಥಿಯಾಗಿದ್ದಾಗ ಅತಿ ಎನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಹುಡುಗ ಹೇಗೋ ಆಯ್ಕೆಯಾಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ, ಅಷ್ಟೇ. ಐದು ವಾರ ನಾನು ಮಾಡಿದ್ದು ಅದೇ ಆಗಿರುತ್ತಿತ್ತು.

ಹೋಲಿಕೆಗೆ ಇನ್ನೊಂದು ಪ್ರಕರಣ ನೆನಪಾಗುತ್ತದೆ. ಇಂಥ ಯಂತ್ರಗಳ ಮೇಲೆ ಮನೆಯಲ್ಲೇ ಕೂತು ಪರದೆಯ ಲೋಕದಲ್ಲಿ ಓಡುವ ಜ್ವಿಫ್ಟ್ ಎಂಬ ಆಟವಿದೆ, 2014ರಲ್ಲಿ ಶುರುವಾದದ್ದು. 2019ರಲ್ಲಿ ಬ್ರಿಟನ್ನಿನ ಮೊದಲ ಮನೆಯೊಳಗಿನ ಸೈಕಲ್ ಚಾಂಪಿಯನ್‌ಶಿಪ್ಪನ್ನು ಅದರಲ್ಲೇ ನಡೆಸಿದರು. ಗೆದ್ದ ಕ್ಯಾಮರಾನ್ ಜೆಫರ್ಸ್‌ನ ಪದಕವನ್ನು ಆಮೇಲೆ ಕಿತ್ತುಕೊಂಡರು, ಆರು ತಿಂಗಳು ನಿಷೇಧ, 250 ಪೌಂಡ್ ದಂಡ. ಸ್ಪರ್ಧೆಯ ದಿನ ಅವನು ತುಳಿದದ್ದು ತನ್ನ ಕಾಲಿನಿಂದಲೇ. ಆದರೆ ಸ್ಪರ್ಧೆಯಲ್ಲಿ ಬಳಸಿದ ಪರದೆಯ ಮೇಲಿನ ವೇಗದ ಸೈಕಲ್ಲನ್ನು, ಸಾವಿರಾರು ಮೀಟರ್ ಏರು ಹತ್ತಿ ಗಳಿಸಬೇಕಾದದ್ದನ್ನು, ಒಂದು ಪ್ರೋಗ್ರಾಮಿನಿಂದ ತುಳಿಸಿ ಪಡೆದಿದ್ದ. ಅಲ್ಲಿ ಮಾಡಿದ ತಪ್ಪು ಬೆರಳಿಟ್ಟು ತೋರಿಸುವಂಥದು, ಆದ್ದರಿಂದ ಶಿಕ್ಷೆಯೂ ಸುಲಭ. ತನ್ನ ತೂಕವನ್ನು ಐದು ಕಿಲೋ ಕಡಿಮೆ ಬರೆದು ಪರದೆಯ ಗುಡ್ಡವನ್ನು ಸರಸರ ಹತ್ತುವವನದೂ ಹಾಗೇ. ನಾನು ಏನನ್ನೂ ಬರೆಯಲಿಲ್ಲ, ಏನನ್ನೂ ತಿರುಚಲಿಲ್ಲ. ತಿರುಪು ಸಡಿಲಿಸಿದ್ದು ಸದ್ದಿಗೆ. ನಾನು ಮಾಡಿದ್ದು ನೋಡದೇ ಇದ್ದದ್ದು ಮಾತ್ರ. ಇದಕ್ಕೆ ಯಾವ ಸಮಿತಿಯೂ ದಂಡ ಹಾಕುವುದಿಲ್ಲ.

ಭಾವನವರು ಕಬ್ಬಿನ ರೈತರು. ನಮ್ಮ ಐದೂ ತಾಲ್ಲೂಕುಗಳಲ್ಲಿ ಕಾರ್ಖಾನೆಯ ಕಾಟಾದ ಮಾತು ಎತ್ತಿದರೆ ಚಹಾ ಆರುವ ತನಕ ಮಾತು ನಿಲ್ಲುವುದಿಲ್ಲ. ಹೇರು ಹೊರಡುವ ಮುಂಚೆ ದುಡ್ಡು ಕೊಟ್ಟು ಖಾಸಗಿ ಕಾಟಾದಲ್ಲಿ ತೂಗಿಸಿ ಚೀಟಿ ಕಿಸೆಯಲ್ಲಿಟ್ಟುಕೊಂಡು ಹೋಗುವ ರೈತರಿದ್ದಾರೆ. ಒಂದು ಕ್ವಿಂಟಲ್ ಕಡಿಮೆ ಬಂದರೂ ಗಾಡಿ ಅಡ್ಡ ನಿಲ್ಲಿಸಿ ಜಗಳ. ಜಗಳ ಆಗಲೇಬೇಕು, ಅದು ವರ್ಷದ ದುಡಿಮೆ. ಆಯ್ಕೆಯ ಮರುವಾರ ಭಾವನವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಹೇರು ಒಂದ್ ಸಲ ಒಂದ್ ಕ್ವಿಂಟಲ್ ಹೆಚ್ಚ ಬಂದಿತ್ತು. ಚೀಟಿ ತಗೊಂಡು ಸುಮ್ಮನ ಬಂದೆ," ಎಂದರು. ಸಮಾಧಾನಕ್ಕೆ ಹೇಳಿದರೋ, ತಮ್ಮದನ್ನೂ ಒಪ್ಪಿಕೊಂಡರೋ ಗೊತ್ತಾಗಲಿಲ್ಲ. ನಮ್ಮ ವಿರುದ್ಧ ವಾಲಿದ ಕಾಟಾವನ್ನು ಹಿಡಿಯಲು ನಮಗೆ ಕಣ್ಣು, ಚೀಟಿ, ಸಂಘ, ಹೋರಾಟ ಎಲ್ಲ ಇವೆ. ನಮ್ಮ ಕಡೆ ವಾಲಿದ ಕಾಟಾಕ್ಕೆ ಒಬ್ಬ ತಕರಾರುದಾರನೂ ಇಲ್ಲ. ಅಲ್ಲಿ ನೋಡಬೇಕಾದವನು ಲಾಭ ಪಡೆಯುವವನೇ. ಕ್ಲಿಫರ್ಡನ ಮಾಲೀಕನಿಗಾದರೂ ಉಳಿದದ್ದು ದುಡ್ಡು. ನನಗೆ ಸಿಕ್ಕ ಲಾಭ ಹುಡುಗನ ನಗು, ನನ್ನ ತರಬೇತಿ ಫಲಿಸಿತೆಂಬ ಹೆಮ್ಮೆ. ಇಷ್ಟು ಸಣ್ಣದಕ್ಕೂ ಕಣ್ಣು ಮುಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ಇನ್ನೊಂದು ಪಕ್ಷ ಹಿಡಿದರು. ಸುಳ್ಳು ಅಂಕಿಯಾದರೂ ಹುಡುಗನಿಗೆ ಹುರುಪು ಕೊಟ್ಟಿತಲ್ಲ? ಆ ಐದು ವಾರ ಅವನು ಹಿಂದೆಂದೂ ತುಳಿಯದಷ್ಟು ತುಳಿದ, ಬೆವರು ಸುಳ್ಳಲ್ಲ. ಕ್ಲಿಫರ್ಡನಿಗೆ 1896ರಲ್ಲಿ ಉತ್ತರ ಕೊಟ್ಟ ಅಮೆರಿಕದ ವಿಲಿಯಂ ಜೇಮ್ಸ್ ಕೂಡ ಈ ದಾರಿಯವನೇ. ಬೆಟ್ಟದಲ್ಲಿ ಸಿಕ್ಕಿಕೊಂಡವನು ಕಂದಕ ಹಾರಬಲ್ಲೆ ಎಂದು ನಂಬಿದರೆ ಕಾಲಿಗೆ ಬಲ ಬರುತ್ತದೆ, ನಂಬದಿದ್ದರೆ ನಡುಗಿ ಬೀಳುತ್ತಾನೆ ಎಂಬ ಉದಾಹರಣೆ ಅವನ ಇನ್ನೊಂದು ಬರಹದಲ್ಲಿ ಬರುತ್ತದೆ. ಇದರಲ್ಲಿ ಸತ್ಯವಿದೆ, ಮೇಷ್ಟ್ರಾದ ನನಗೆ ಚೆನ್ನಾಗಿ ಗೊತ್ತು. "ನಿನ್ನ ಕಡೆಯಿಂದ ಆಗತೈತಿ" ಎಂದು ಎಷ್ಟು ಮಕ್ಕಳಿಗೆ ಹೇಳಿಲ್ಲ! ಆದರೆ ಆ ಮಾತು ಹಾರುವವನ ಧೈರ್ಯದ ಬಗ್ಗೆ. ನಾನು ಹೇಳಿದ್ದು ಕಂದಕದ ಅಗಲವನ್ನು. ಎಂಟಡಿಯ ಕಂದಕವನ್ನು ಏಳಡಿ ಎಂದು ಹೇಳಿ ಹಾರಿಸಿದರೆ ಯಾವ ಧೈರ್ಯ ಆ ಒಂದಡಿಯನ್ನು ತುಂಬುತ್ತದೆ? ಹುರುಪು ಕೊಡುವುದಿದ್ದರೆ ನನ್ನ ಬಾಯಿಂದ ಕೊಡಬೇಕಿತ್ತು. ಅಂಕಿಯ ಬಾಯಿಂದ ಅಲ್ಲ. ನನ್ನ ಹೊಗಳಿಕೆಯನ್ನು ಹುಡುಗ ಅರ್ಧ ನಂಬುತ್ತಾನೆ, ಅದು ಅವನಿಗಿರುವ ರಕ್ಷಣೆ. ಅಂಕಿಯನ್ನು ಪೂರ್ತಿ ನಂಬಿದ.

ತಿದ್ದಿದ 222ನ್ನು ಕಂಡು ಹುಡುಗ ಕೇಳಿದ್ದು ಒಂದೇ ಪ್ರಶ್ನೆ. "ಮಾಮಾ, ನಿಮಗ ಮೊದಲ ಗೊತ್ತಿತ್ತೇನ್ರಿ?"

"ಇಲ್ಲೋ," ಎಂದೆ.

ಅದು ಸುಳ್ಳೇ? 222 ಎಂದು ನನಗೆ ಖಂಡಿತ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಎರಡು ದಿನ ಆ "ಇಲ್ಲೋ" ಗಂಟಲಲ್ಲಿ ಕೂತಿತು. ಮೂರನೇ ದಿನ ಭಾನುವಾರ, ಬೆಳಕು ಹರಿಯುವ ಮೊದಲೇ ಇಬ್ಬರೂ ತವಂದಿ ಘಾಟ್‌ಗೆ ಹೋದೆವು. ಅಲ್ಲಿ ಒಂದು ಕೆಲಸವಿತ್ತು. ಹುಡುಗ, ಸೈಕಲ್, ನೀರಿನ ಬಾಟಲಿ ಸೇರಿ 70 ಕಿಲೋ ಎಂದುಕೊಳ್ಳಿ. ಇಷ್ಟನ್ನು ನೂರು ಮೀಟರ್ ಎತ್ತರಕ್ಕೆ ಆರು ನಿಮಿಷದಲ್ಲಿ ಒಯ್ದರೆ ಬರೀ ಎತ್ತುವುದಕ್ಕೇ 190 ವಾಟ್ ಆಯಿತು; ಟೈರಿನ ತಿಕ್ಕಾಟ, ಗಾಳಿಯ ತಡೆ ಅದರ ಮೇಲೆ. ಭೂಮಿಯ ಸೆಳೆತಕ್ಕೆ ತಿರುಪು ಇಲ್ಲ. ನಕ್ಷೆಯಲ್ಲಿ ಎತ್ತರ ನೋಡಿಕೊಂಡು, ಕೈಗಡಿಯಾರ ಹಿಡಿದು, ಯಂತ್ರದ ಅಂಕಿಯನ್ನು ಅಲ್ಲಿ ತಾಳೆ ನೋಡಬಹುದು.

ಮೇಲೆ ಲಾರಿಗಳು ತಂಗುವಲ್ಲಿ ನಿಂತು ಹೇಳಿದೆ, ತಿರುಪಿನ ವಿಷಯ, ಐದು ವಾರದ ವಿಷಯ. ಹುಡುಗ ನೀರು ಕುಡಿಯುತ್ತಿದ್ದವನು ಬಾಟಲಿ ಕೆಳಗಿಟ್ಟ. ಏನೂ ಅನ್ನಲಿಲ್ಲ. ಇಳಿಯುವಾಗ ನನಗಿಂತ ಮುಂದೆ ಹೋದ, ಮನೆ ತಲುಪುವ ತನಕ ತಿರುಗಿ ನೋಡಲಿಲ್ಲ. ಅವನು ಬೈದಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನಿಸುತ್ತದೆ. ಒಂದು ವಾರ ಯಂತ್ರದ ಮೇಲೂ ಕೂರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಪಡಸಾಲೆಯ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ನಾಲ್ಕು ಸಾಲು ಗೀಚಿದ್ದ: ತಾರೀಖು, ಟೈರಿನ ಗಾಳಿ, ಕಾಲು ಬಿಟ್ಟ ಮೇಲೆ ಗಾಲಿ ನಿಲ್ಲಲು ಹಿಡಿದ ಸೆಕೆಂಡು, ಘಾಟಿನ ಸಮಯ. ಗೋಡೆ ಹೊಲಸಾಯಿತೆಂದು ನನ್ನಾಕೆ ಗೊಣಗಿದಳು, ಆದರೆ ಅಳಿಸಲಿಲ್ಲ. ಮುಂದಿನ ಆಯ್ಕೆ ಇನ್ನೂ ಎಂಟು ತಿಂಗಳಿದೆ. ಯಂತ್ರದ ಅಂಕಿಯನ್ನೂ ಘಾಟಿನ ಅಂಕಿಯನ್ನೂ ವಾರಕ್ಕೊಮ್ಮೆ ತಾಳೆ ನೋಡುತ್ತೇವೆ. ಕಳೆದ ವಾರ ಆರು ವಾಟ್ ಹೊಂದಲಿಲ್ಲ. ಘಾಟಿನಲ್ಲಿ ಆ ದಿನ ಎದುರುಗಾಳಿ ಇತ್ತು ಎನ್ನುತ್ತಾನೆ ಅವನು. ಟೈರ್ ಸವೆದಿದೆ ಎನ್ನುತ್ತೇನೆ ನಾನು.